ಮಗಳ ಕಣ್ಣು ಒರೆಸಿದ್ದು

ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಅಂತಾರೆ. ಅನ್ನುವವರದೇನು ಹೋಗುತ್ತದೆ, ಅದರ ತೊಟ್ಟು ಬಿಡಿಸಿದ ಕೈಯನ್ನು ಒಮ್ಮೆ ಕಣ್ಣಿಗೆ ಒತ್ತಿಕೊಂಡು ನೋಡಲಿ.

ಪುಷ್ಪಲತಾಳಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ತೊಟ್ಟು ಬಿಡಿಸಿದ ಕಾಯಿಯನ್ನು ಮಸಾಲೆ ಕಂಪನಿಗಳಿಗೆ ಕಳಿಸುವ ಶೆಡ್ಡನ್ನು ಗಂಡ ಶಂಭುಲಿಂಗನ ಜೊತೆ ನಿಂತು ಕಟ್ಟಿಸಿದವಳು ಅವಳು. ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿ ತೊಳೆಯದೆ ಮಗಳನ್ನು ಎಂದೂ ಮುಟ್ಟುತ್ತಿರಲಿಲ್ಲ. ಆದರೆ ರಾಣೇಬೆನ್ನೂರು ರಸ್ತೆಯಲ್ಲಿ ಶಂಭುಲಿಂಗನ ಬೈಕಿಗೆ ಲಾರಿ ಬಡಿದು ಅವನು ಹೋದ ಸುದ್ದಿ ಬಂದಾಗ, ಕಾಯಿಯ ರಾಶಿಯಿಂದ ಎದ್ದವಳು ಹಾಗೆಯೇ ಮನೆಗೆ ಓಡಿದಳು. ನಾಲ್ಕು ವರ್ಷದ ಸಿಂಚನಾ ಅಳುವವರ ನಡುವೆ ಪಿಳಿಪಿಳಿ ನೋಡುತ್ತ ನಿಂತಿದ್ದಳು. ತಾಯಿ ಬಾಚಿ ತಬ್ಬಿಕೊಂಡು, ಎರಡೂ ಅಂಗೈಯಿಂದ ಅವಳ ನೀರಿಲ್ಲದ ಕಣ್ಣು ಒರೆಸಿದಳು.

ಮಗು ಚೀರಿತು. ಓಣಿಗೆ ಓಣಿಯೇ ಬಂದು ನಿಂತಿತು.

“ಅಳಲಿ ಬಿಡವಾ, ಅಪ್ಪ ಹೋದ ಸಂಕಟ ಹೊರಗ ಬರಲಿ” ಅಂದರು ಹೆಂಗಸರು. ಶೆಡ್ಡಿನ ಹಿರಿಯ ಕೆಲಸಗಾರ್ತಿ ಬಿಸ್ಮಿಲ್ಲಾಬಿ ಮಾತ್ರ ಪುಷ್ಪಲತಾಳ ಕೈ ನೋಡಿ, ಕಣ್ಣು ತೊಳೆಯಲು ಮಗುವನ್ನು ಬಚ್ಚಲಿಗೆ ಎತ್ತಿಕೊಂಡು ಹೋದಳು.

ಆ ಚೀರಾಟ ಮೂರು ವರ್ಷವಾದರೂ ಪುಷ್ಪಲತಾಳ ಬೆನ್ನು ಬಿಟ್ಟಿಲ್ಲ. ಹಾವೇರಿಯ ವ್ಯಾಪಾರಿಯ ಜೊತೆ ಫೋನಿನಲ್ಲಿ ದರ ಕುದುರಿಸುವಾಗ ಕೇಳುತ್ತದೆ, ಚೀಲ ತೂಗುವಾಗ ಕೇಳುತ್ತದೆ. ಇದ್ದದ್ದನ್ನು ಅಲ್ಲೇ ಬಿಟ್ಟು ಓಡುತ್ತಾಳೆ. ಸಿಂಚನಾ ಚೀಲಗಳ ಪಕ್ಕ ತಣ್ಣಗೆ ಚಿತ್ರ ಬರೆಯುತ್ತ ಕುಳಿತಿರುತ್ತಾಳೆ. ಖರೇ ಸಂಗತಿ ಮಗಳಿಗೆ ಹೇಳಬೇಕೆಂದು ಎಷ್ಟೋ ಸಲ ಅಂದುಕೊಂಡಳು. ಮಗಳೂ ದೂರವಾದರೆ ತನಗೆ ಇನ್ನು ಯಾರಿದ್ದಾರೆ ಎಂದು ನಾಲಿಗೆ ಏಳಲಿಲ್ಲ. ವ್ಯಾಪಾರದಲ್ಲಿ ಗಂಡಸರನ್ನೇ ಗದರಿಸುವವಳು, ಏಳು ವರ್ಷದ ಹುಡುಗಿಗೆ ಹೆದರಿದಳು.

ಈ ಸುಗ್ಗಿಯಲ್ಲಿ ದೊಡ್ಡದೊಂದು ಆರ್ಡರು ಬಂತು. ಲಾರಿ ಬಾಗಿಲಲ್ಲಿ ನಿಂತಿದೆ, ಮಾಲು ಇನ್ನೂ ಅರ್ಧ ತುಂಬಿಲ್ಲ. ಅಂಥ ಹೊತ್ತಿನಲ್ಲಿ ಸಿಂಚನಾ ಶಾಲೆಯಿಂದ ಬಂದು ಎದುರು ನಿಂತಳು. ಓಣಿಯ ತಿರಕಪ್ಪಜ್ಜ ಬೆಳಿಗ್ಗೆ ತೀರಿಕೊಂಡಿದ್ದ.

“ಯವ್ವಾ, ಅಜ್ಜನ ಮನ್ಯಾಗಿನ ಹುಡುಗೂರು ಯಾರೂ ಚೀರವಲ್ರು. ಅವರ ಕಣ್ಣ ಉರಿಯೂದಿಲ್ಲೇನು?”

“ಯಾಕ ಉರೀತಾವ?”

“ಅಪ್ಪ ಸತ್ತಾಗ ನನ್ನ ಕಣ್ಣ ಎಷ್ಟ ಉರದ್ವು. ನೀ ಸತ್ತರೂ ಹಂಗ ಉರೀತಾವೇನು?”

ಇಷ್ಟು ದಿನ ಈ ಕೂಸು ಸಾವೆಂದರೆ ಆ ಉರಿಯೇ ಎಂದುಕೊಂಡು, ಅದಕ್ಕೆ ಅಂಜಿಕೊಂಡೇ ಬೆಳೆದಿದೆಯಲ್ಲ. ಲಾರಿಯವನು ಕೂಗುತ್ತಿದ್ದ. ಕೂಗಲಿ ಎಂದು ಪುಷ್ಪಲತಾ ಚೀಲದ ಮೇಲೆ ಕುಳಿತಳು.

“ಇಲ್ಲ ಕೂಸ. ಅದು ಅಪ್ಪ ಸತ್ತದ್ದಕ್ಕ ಉರದದ್ದಲ್ಲ. ನನ್ನ ಕೈಯಾಗ ಖಾರ ಇತ್ತು. ತೊಳಕೊಳ್ಳದ ನಿನ್ನ ಕಣ್ಣ ಒರಿಸಿಬಿಟ್ಟೆ. ತಪ್ಪು ನಂದು.”

ಸಿಂಚನಾ ಸಿಟ್ಟಾಗಲಿಲ್ಲ, ದೂರ ಸರಿಯಲೂ ಇಲ್ಲ. ತಾಯಿಯ ಅಂಗೈ ಹಿಡಿದು ನೋಡಿದಳು.

“ಹಂಗಾರ ಯವ್ವಾ, ಅಪ್ಪಗ ನಾ ಅತ್ತೇ ಇಲ್ಲೇನು?”