ವೇದಿಕೆಯ ಮೇಲಿನ ತಾಂಬೂಲ

ಸ್ನೇಹಿತರೇ, ಇಂದು ಸಂಜೆ ನಂಜನಗೂಡಿನಲ್ಲಿ ನಾವು ನಾಲ್ವರು ಗೆಳತಿಯರು ಎಲೆಕ್ಟ್ರಾನಿಕ್ ಸಂಗೀತದ ಕಛೇರಿಗೆ ಹೋಗಿದ್ದೆವು. ಕಲಾವಿದರಿಗೆ ತಾಂಬೂಲ ಕೊಡದೆ ನಾನು ಯಾವ ಕಛೇರಿಯಿಂದಲೂ ಹಿಂತಿರುಗಿದವಳಲ್ಲ. ತಟ್ಟೆ ಹಿಡಿದು ವೇದಿಕೆ ಹತ್ತಿದೆ. ಯಂತ್ರದ ಗುಂಡಿ ತಿರುಗಿಸುತ್ತಿದ್ದ ಕಲಾವಿದ ಎಡಗೈ ಚಾಚಿದ.

"ಎರಡು ಕೈಲಿ ಇಸ್ಕೊಳಪ್ಪ" ಎಂದೆ.

"ಕೈ ಬಿಟ್ರೆ ಮ್ಯೂಸಿಕ್ ನಿಂತೋಗುತ್ತಮ್ಮ."

"ನಿಂತ್ರೆ ನಿಲ್ಲಲಿ. ನಾನೂ ಇಲ್ಲೇ ನಿಂತಿರ್ತೀನಿ."

ಗೆಳತಿ ಸಾಕಮ್ಮ ಕೆಳಗಿನಿಂದ, "ಇಳಿದು ಬಾರಕ್ಕ, ಮಾನ ಕಳೀಬ್ಯಾಡ" ಎಂದಳು. ನಾನು ಕದಲಲಿಲ್ಲ. ಕೊನೆಗೆ ಅವನು ಎರಡೂ ಕೈಯಲ್ಲಿ ತಟ್ಟೆ ತೆಗೆದುಕೊಂಡು ತಲೆಬಾಗಿದ. ಸಂಗೀತ ಒಂದು ತಾಳವೂ ತಪ್ಪದೆ ನಡೆದೇ ಇತ್ತು. ಜನ ನಕ್ಕರು, ಅವನೂ ನಕ್ಕ.

ಹಾಡುವ ಯಂತ್ರ ನೋಡಿದ್ದಾಯಿತು. ಕೊಟ್ಟದ್ದನ್ನು ಮರ್ಯಾದೆಯಿಂದ ತೆಗೆದುಕೊಳ್ಳುವ ಯಂತ್ರವನ್ನು ಮಾತ್ರ ನಾನಿನ್ನೂ ಕಂಡಿಲ್ಲ.