ದಾರಿ ಬಿಡ್ರಿ, ಬುಲ್‌ಬುಲ್ ಬಂತು

ಹಳೇ ಹುಬ್ಬಳ್ಳಿಯ ಗೌಸಸಾಬನಿಗೆ ಎರಡು ಕಸುಬು. ಮದುವೆಯ ಸೀಜನ್ನಿನಲ್ಲಿ ಕೆಂಪು ಕೋಟು ತೊಟ್ಟು ಟ್ರಂಪೆಟ್ ಊದುವುದು, ಉಳಿದ ಕಾಲದಲ್ಲಿ ಅರಳೆ ಹಿಂಜಿ ಗಾದಿ ತುಂಬುವುದು. ಹೀಗಾಗಿ ಊರಿನ ಅರ್ಧ ಗಂಡಸರನ್ನು ಮಂಟಪದ ತನಕ ಮೆರೆಸಿಕೊಂಡು ಹೋದವನೂ ಅವನೇ, ಆಮೇಲೆ ಅವರು ಆಯುಷ್ಯಪೂರ್ತಿ ಮಲಗಿದ್ದೂ ಅವನು ತುಂಬಿದ ಗಾದಿಯ ಮೇಲೆಯೇ. ಚಕ್ರವರ್ತಿಗಳಿಗೂ ಪ್ರಜೆಗಳ ಮೇಲೆ ಇಷ್ಟು ಹಿಡಿತ ಇದ್ದಿರಲಿಕ್ಕಿಲ್ಲ.

ಅವನ ಸಾಮ್ರಾಜ್ಯದ ಹೆಸರು ‘ದಿ ಗ್ರೇಟ್ ಬುಲ್‌ಬುಲ್ ಬ್ರಾಸ್ ಬ್ಯಾಂಡ್’. ಅವನ ಗುರುಗಳಾದ ಉಸ್ತಾದರು ಕಟ್ಟಿದ ಆ ಬ್ಯಾಂಡು ಅವನ ಕೈಗೆ ಬಂದಾಗ ಅವನ ಮೀಸೆ ಇನ್ನೂ ಕರ್ರಗಿತ್ತು. ಅದೆಂಥ ಕಾಲ! ಬುಲ್‌ಬುಲ್ ಬಿಡುವಾಗಿರುವ ದಿನ ಕೇಳಿಕೊಂಡು ಹೋಗಿ ಐನೋರ ಹತ್ತಿರ ಅದೇ ದಿನಕ್ಕೆ ಮುಹೂರ್ತ ತೆಗೆಸಿದ ಮನೆತನಗಳಿದ್ದವು. ಅಮ್ಮಿನಬಾವಿಯಲ್ಲಿ ಒಮ್ಮೆ ಬ್ಯಾಂಡಿನ ಲಾರಿ ತಡವಾಯಿತೆಂದು ಮದುಮಗನೇ ಬಾಸಿಂಗ ಬಿಚ್ಚಿಟ್ಟು, ಬುಲ್‌ಬುಲ್ ಬರುವ ತನಕ ತಾನು ಏಳುವುದಿಲ್ಲವೆಂದು ಕಟ್ಟೆಯ ಮೇಲೆ ಕೂತುಬಿಟ್ಟಿದ್ದ.

ಗೌಸಸಾಬನ ಸ್ವಂತ ಮದುವೆಯ ಕಥೆ ಇದಕ್ಕಿಂತ ದೊಡ್ಡದು. ಕುದುರೆಯ ಮೇಲೆ ಕೂತಿದ್ದವನಿಗೆ, ತನ್ನ ಬದಲಿಗೆ ಬಂದ ಟ್ರಂಪೆಟ್ಟಿನವನ ಅಪಸ್ವರ ತಡೆಯಲಾಗಲಿಲ್ಲ. ಅರ್ಧ ದಾರಿಯಲ್ಲಿ ಇಳಿದು, ಮುಖದ ಮೇಲಿನ ಹೂವಿನ ಸರ ಹಿಂದಕ್ಕೆ ಸರಿಸಿ, ಅವನ ಕೈಯಿಂದ ಟ್ರಂಪೆಟ್ ಕಸಿದುಕೊಂಡು ತಾನೇ ಊದುತ್ತ ಮುಂದೆ ನಡೆದ. ಮದುಮಗಳ ಮನೆಯ ಮುಂದೆ ಬಂದು ನಿಂತದ್ದು ಖಾಲಿ ಕುದುರೆ. ಮದುಮಗಳು ಮಕ್ತುಮಬಿ ಅದನ್ನು ಮರೆತಿಲ್ಲ, ಗಂಡನಿಗೆ ಮರೆಯಲು ಬಿಟ್ಟೂ ಇಲ್ಲ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಅವನು ಮುಖ ಸಿಂಡರಿಸಿದರೆ, ತನ್ನನ್ನು ಮದುವೆಯಾಗಲು ಬಂದದ್ದು ಕುದುರೆ, ಅದು ಉಪ್ಪಿನ ತಕರಾರು ಮಾಡುವ ಪೈಕಿ ಆಗಿರಲಿಲ್ಲ ಎನ್ನುತ್ತಾಳೆ.

ಇಂಥ ವೀರನ ಎದುರಿಗೆ ಕಾಲಪುರುಷ ಬಂದು ನಿಂತದ್ದು ಒಂದು ಟೆಂಪೋದ ರೂಪದಲ್ಲಿ. 2002ನೇ ಇಸವಿ. ಟೆಂಪೋದ ಮೇಲೆ ಕಪಾಟಿನಷ್ಟು ದೊಡ್ಡ ಸೌಂಡ್ ಬಾಕ್ಸುಗಳು. ಅದು ಓಣಿ ಹೊಕ್ಕರೆ ಅಡುಗೆಮನೆಯ ಪಾತ್ರೆಗಳು ಯಾರೂ ಕರೆಯದೆ ತಾವೇ ಕೆಳಗಿಳಿದು ಬರುತ್ತಿದ್ದವು. ಊದುವವರಿಲ್ಲ, ಬಡಿಯುವವರಿಲ್ಲ. ಕರಿ ಕನ್ನಡಕದ ಒಬ್ಬಾತ ಗುಂಡಿ ಒತ್ತಿ, ಚಹಾ ಕುಡಿಯುತ್ತ ನಿಂತಿರುತ್ತಿದ್ದ. ಇದಕ್ಕೆ ಡೀಜೆ ಎಂದು ಹೆಸರು. ಊರು ಅದರ ಹಿಂದೆ ಕುಣಿಯತೊಡಗಿತು. ಬುಲ್‌ಬುಲ್‌ನ ಒಬ್ಬ ಟ್ರಂಪೆಟ್ಟಿನವನು ಆಟೋ ಓಡಿಸಲು ಹೋದ, ಇಬ್ಬರು ಕ್ಲಾರಿನೆಟ್ಟಿನವರಲ್ಲಿ ಒಬ್ಬ ಕಾಯಿಪಲ್ಲೆ ಗಾಡಿ ಹಾಕಿದ. ಉಳಿದವರ ಪೈಕಿ ಢೋಲಿನ ಹುಚ್ಚಪ್ಪ ಮುಖ್ಯ. ಅವನು ಉಳಿದದ್ದಕ್ಕೆ ನಿಷ್ಠೆಯಷ್ಟೇ ಕಾರಣ ಅಲ್ಲ. ಆ ಢೋಲನ್ನು ಅವನ ಹೊಟ್ಟೆಯ ಹೊರತು ಬೇರೆ ಯಾವ ಹೊಟ್ಟೆಯೂ ಹೊರುತ್ತಿರಲಿಲ್ಲ.

ಆ ವರ್ಷ ಗೌಸಸಾಬ ಅರಳೆ ತರಲು ಸಿದ್ದಲಿಂಗಪ್ಪ ಸಾವ್ಕಾರರ ಅಂಗಡಿಗೆ ಹೋದ. ಸಾವ್ಕಾರರು ಹತ್ತಿಯ ವ್ಯಾಪಾರಿ. ಅವರ ತಂದೆಯ ಮದುವೆಗೆ ಊದಿದ್ದು ಉಸ್ತಾದರು, ಅವರ ಮದುವೆಗೆ ಗೌಸಸಾಬ. ಈಗ ಅವರ ಮಗಳು ಐಶ್ವರ್ಯಾಳ ಮದುವೆ. ಗೌಸಸಾಬ ಕೇಳುವ ಗೋಜಿಗೂ ಹೋಗದೆ ಕೆಂಪು ಕೋಟನ್ನು ಇಸ್ತ್ರಿಗೆ ಕೊಟ್ಟು ಬಂದಿದ್ದ. ಸಾವ್ಕಾರರು ಅರಳೆ ತೂಗಿಸುತ್ತ, ಕಣ್ಣು ತಕ್ಕಡಿಯ ಮೇಲೇ ಇಟ್ಟುಕೊಂಡು ಹೇಳಿದರು: “ಗಾದಿ ನಿಮ್ದ ಇರಲಿ ಗೌಸಸಾಬ್ರ. ಮೆರವಣಿಗಿ ಮಾತ್ರ ಈ ಸಲ ಡೀಜೆದ. ನಮ್ಮ ಅಣ್ಣನ ಮಗ ಬಸವಕಿರಣ ಮಾತಾಡಿ ಬಂದಾನ.”

ಗೌಸಸಾಬನ ಮೀಸೆ ಒಮ್ಮೆ ಕುಸಿದು ಮತ್ತೆ ಎದ್ದಿತು. ಮೂರನೆಯ ತಲೆಮಾರಿಗೆ ತನ್ನ ಬ್ಯಾಂಡು ಗಾದಿಯಷ್ಟಕ್ಕೇ ಇಳಿಯಿತೇ? ಅಲ್ಲೇ ಇದ್ದ ಐಶ್ವರ್ಯಾ ಮಾತಿಗೆ ಬಂದಳು. ಸಣ್ಣವಳಿದ್ದಾಗ ಬುಲ್‌ಬುಲ್ ಕೇಳಿದ್ದು ಅವಳಿಗೆ ನೆನಪಿರಲಿಲ್ಲ. ಒಂದು ಕ್ಯಾಸೆಟ್ ಇದ್ದರೆ ಕೊಡಿ, ಕೇಳಿ ಹೇಳುತ್ತೇನೆ ಎಂದಳು. ಸಮಾಧಾನದ ಮಾತು, ಇಲ್ಲವೆಂಬ ಉತ್ತರ ಬರುತ್ತದೆಂದೇ ಅಂದದ್ದು. ಆದರೆ ಗೌಸಸಾಬ ಇಡೀ ಅಂಗಡಿಗೆ ಕೇಳುವಂತೆ, ಕ್ಯಾಸೆಟ್ ಬರುವುದಿದೆ ಎಂದುಬಿಟ್ಟ. ಸಾವ್ಕಾರರೂ ಹಮಾಲರ ಎದುರಿಗೆ ಮಾತು ಕೊಟ್ಟರು: ಕೇಳಿ ಮಗಳು ಹೂಂ ಎಂದರೆ ಬುಲ್‌ಬುಲ್ ಮುಂದೆ, ಇಲ್ಲವೆಂದರೆ ಡೀಜೆ.

ಮನೆಗೆ ಬಂದು ಹೇಳಿದಾಗ ಮಕ್ತುಮಬಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. ಕ್ಯಾಸೆಟ್ಟಿನ ಕಾಲವೇ ಮುಗಿದು ಎಲ್ಲರೂ ಸೀಡಿ ಒಯ್ಯುವಾಗ ಇವರು ಕ್ಯಾಸೆಟ್ ಮಾಡಲು ಹೊರಟರಲ್ಲ, ಬಸ್ಸು ಹೋದ ಮೇಲೆ ಟಿಕೀಟು ತೆಗೆಸುವ ಗಂಡಸು ಇವರೊಬ್ಬರೇ ಎಂದಳು. ಗೌಸಸಾಬ, ಬಸ್ಸು ಹೋದರೆ ಹೋಯಿತು, ಬುಲ್‌ಬುಲ್ ಹುಟ್ಟಿದಾಗಿನಿಂದ ನಡೆದುಕೊಂಡೇ ಹೋದದ್ದು ಎಂದ.

ಶಶಿಕಾಂತ ಎಂಬವನು ತನ್ನ ಕ್ಯಾಸೆಟ್ ಅಂಗಡಿಯ ಹಿಂದಿನ ಖೋಲಿಯಲ್ಲಿ ಸ್ಟುಡಿಯೋ ಮಾಡಿಕೊಂಡಿದ್ದ. ಹೊರಗಿನ ಗದ್ದಲ ಒಳಗೆ ಬರದಂತೆ ಗೋಡೆಗೆಲ್ಲ ಗಾದಿ ಬಡಿದಿದ್ದ. ಬುಲ್‌ಬುಲ್ ಸೈನ್ಯ ಪೂರ್ಣ ಪೋಷಾಕಿನಲ್ಲಿ, ಟೊಪ್ಪಿಗೆಯ ಗರಿ ಬಾಗಿಲಿಗೆ ತಾಗದಂತೆ ತಲೆ ಬಗ್ಗಿಸಿ ಒಳಹೊಕ್ಕಿತು. ಗೌಸಸಾಬ ಗೋಡೆಯನ್ನು ಒಮ್ಮೆ ಸವರಿ ನೋಡಿ ಹೊಲಿಗೆ ಗುರುತಿಸಿದ. ಎಲ್ಲಾ ಅವನೇ ತುಂಬಿದ ಗಾದಿಗಳು! ಟ್ರಂಪೆಟ್ ಎತ್ತಿ ಊದಿದ. ಬಂದ ದನಿ ಮುಸುಕು ಹೊದ್ದು ಮಲಗಿದವನ ಆಕಳಿಕೆಯಂತಿತ್ತು. ಅವನ ಎಡಗೈಯ ಕಸುಬು ಬಲಗೈಯ ಕಸುಬನ್ನು ನುಂಗುತ್ತಿತ್ತು.

ಅದನ್ನಾದರೂ ಸಹಿಸಬಹುದಿತ್ತು. ನಿಜವಾದ ಗಂಡಾಂತರ ಬೇರೆಯೇ ಇತ್ತು. ಎಲ್ಲರೂ ತಮ್ಮ ತಮ್ಮ ಮೈಕಿನ ಮುಂದೆ ಅಲುಗಾಡದೆ ನಿಲ್ಲಬೇಕೆಂದು ಶಶಿಕಾಂತ ಹೇಳಿದ. ನಿಂತರು. ಊದಿದರು. ಹುಚ್ಚಪ್ಪನ ಢೋಲು ಒಂದು ಓಣಿ ಹಿಡಿದರೆ ಕ್ಲಾರಿನೆಟ್ಟು ಇನ್ನೊಂದು ಓಣಿ ಹಿಡಿಯಿತು, ತಾಳ ಚೌಕದಲ್ಲೇ ದಾರಿ ತಪ್ಪಿ ನಿಂತಿತು. ಮತ್ತೆ ಊದಿದರು, ಮತ್ತೆ ಹಾಗೆಯೇ. ಇಷ್ಟು ವರ್ಷ ಜೊತೆಗೆ ನುಡಿಸಿದವರು ಒಬ್ಬರ ಮುಖ ಒಬ್ಬರು ಹೊಸಬರಂತೆ ನೋಡಿಕೊಂಡರು. ಗೌಸಸಾಬನಿಗೆ ಆಗ ತಿಳಿಯಿತು. ಉಸ್ತಾದರು ಅವರಿಗೆ ಮೊದಲು ಕಲಿಸಿದ್ದು ಊದುವುದನ್ನಲ್ಲ, ನಡೆಯುವುದನ್ನು. ಬುಲ್‌ಬುಲ್ ತನ್ನ ಇಡೀ ಚರಿತ್ರೆಯಲ್ಲಿ ನಿಂತಲ್ಲಿ ನಿಂತು ಒಂದು ಹಾಡನ್ನೂ ಮುಗಿಸಿದ್ದಿಲ್ಲ. ತಾಳ ಇದ್ದದ್ದು ಕೈಯಲ್ಲಲ್ಲ, ಕಾಲಲ್ಲಿ.

ನಿಂತಲ್ಲೇ ಹೆಜ್ಜೆ ಹಾಕಿ ನೋಡಿದರು. ಬೂಟಿನ ಸದ್ದೇ ತುಂಬಿತು. ಬೂಟು ಬಿಚ್ಚಿ ನೋಡಿದರು; ಕಾಲುಚೀಲದ ವಾಸನೆಗೆ ಶಶಿಕಾಂತ ಎದ್ದು ಹೊರಗೆ ಹೋದ. ಮರಳಿ ಬಂದವನು ತನ್ನ ಕೀಬೋರ್ಡು ತೋರಿಸಿದ. ಇದರಲ್ಲಿ ಟ್ರಂಪೆಟ್, ಢೋಲು ಎಲ್ಲಾ ಇವೆ, ತಾನೊಬ್ಬನೇ ಕೂತು ನುಡಿಸಿಬಿಡುತ್ತೇನೆ ಎಂದ. “ಕಾಕಾ, ಕವರ್ ಮ್ಯಾಲೆ ಫೋಟೋ ನಿಮ್ದ ಹಾಕೂಣು. ಒಳಗ ಯಾರು ಊದ್ಯಾರ ಅಂತ ಯಾರಿಗಿ ಗೊತ್ತಾಗತೈತಿ?”

“ನನಗ ಗೊತ್ತಾಗತೈತಿ,” ಎಂದ ಗೌಸಸಾಬ, ಬೂಟಿನ ಲೇಸು ಕಟ್ಟುತ್ತ. “ನೀ ಮಷಿನ್ ಹೊರಗ ತಗಿ. ನಿನ್ನ ಸ್ಟುಡಿಯೋಕ್ಕ ಬುಲ್‌ಬುಲ್ ಬರೂದಿಲ್ಲ. ಬುಲ್‌ಬುಲ್ ಹಿಂದ ನಿನ್ನ ಸ್ಟುಡಿಯೋ ಬರತೈತಿ.”

ಹೀಗೆ ಒಂದು ಭಾನುವಾರ ಬೆಳಿಗ್ಗೆ, ಹಳೇ ಹುಬ್ಬಳ್ಳಿ ಹಿಂದೆಂದೂ ಕಾಣದ ಮೆರವಣಿಗೆ ಹೊರಟಿತು. ಒಂದು ಕೈಗಾಡಿಯ ಮೇಲೆ ರೆಕಾರ್ಡಿಂಗ್ ಮಷಿನ್ನು, ಅದಕ್ಕೆ ಟ್ರ್ಯಾಕ್ಟರಿನ ಬ್ಯಾಟರಿ, ನಡುವೆ ಮೈಕು ಹಿಡಿದು ಕೂತ ಶಶಿಕಾಂತ. ಮಷಿನ್ನಿಗೆ ಬಿಸಿಲು ತಾಗಬಾರದೆಂದು ಪಕ್ಕದಲ್ಲಿ ಛತ್ರಿ ಹಿಡಿದು ಮಕ್ತುಮಬಿ. ಗಾಡಿಯ ಬೆನ್ನಿಗೇ ಕೆಂಪು ಕೋಟಿನ ದಂಡು. ಮದುಮಗ ಇಲ್ಲ, ಬೀಗರಿಲ್ಲ. ಜನ ಬಾಗಿಲಿಗೆ ಬಂದು ಯಾರ ಮದುವೆಯೆಂದು ಕೇಳಿದರು. ಗಾಡಿಯ ಮೇಲೆ ಕೂತವಳೇ ಮದುಮಗಳೆಂದು ಹುಚ್ಚಪ್ಪ ಸಾರಿದ. ಮಕ್ತುಮಬಿ ಛತ್ರಿಯನ್ನು ಅವನ ಕಡೆಗೆ ಬೀಸಿದಳು, ಆದರೆ ಮಹಡಿಯ ಮೇಲಿಂದ ಯಾರೋ ಎಸೆದ ಚೆಂಡುಹೂವನ್ನು ಸೆರಗಿನಿಂದ ಕೊಡವಲಿಲ್ಲ.

ಕಾಲು ನಡೆದಂತೆ ತಾಳ ಮನೆಗೆ ಬಂತು. ನುಡಿಸಿದ್ದು ಉಸ್ತಾದರದೇ ಧಾಟಿ, ಅದಕ್ಕೆ ಇವರು ಇಟ್ಟ ಹೆಸರು ‘ದಾರಿ ಬಿಡ್ರಿ’. ಎದುರಿಗೆ ಬಂದ ಸ್ಕೂಟರುಗಳು ಹಾರ್ನು ಮರೆತು ಬದಿಗೆ ಸರಿದವು. ಗೌಸಸಾಬನ ಗಲ್ಲಗಳು ಉಬ್ಬಿ ಉಬ್ಬಿ ಗರಿಯ ಟೊಪ್ಪಿಗೆಯೇ ಮೇಲೆದ್ದಿತು.

ಧಾಟಿ ಅರ್ಧಕ್ಕೆ ಬಂದಾಗ ಗಾಡಿ ಬಳೆಗಾರ್ತಿ ರತ್ನವ್ವನ ಮನೆಯ ತಿರುವಿಗೆ ಬಂತು. ಬಾಗಿಲ ಮುಂದೆ ಬಿದಿರು ಬಿದ್ದಿತ್ತು, ಜನ ತಲೆ ತಗ್ಗಿಸಿ ಕೂತಿದ್ದರು. ಓಣಿಯ ಅದೆಷ್ಟೋ ಮದುಮಕ್ಕಳಿಗೆ ಬಳೆ ಇಡಿಸಿದ ಮುದುಕಿ ಬೆಳಗಿನ ಜಾವ ಹೋಗಿದ್ದಳು.

ಗೌಸಸಾಬ ಟ್ರಂಪೆಟ್ ಕೆಳಗಿಳಿಸಿದ. ಇದು ಉಸ್ತಾದರ ಕಾಲದ ಕಟ್ಟಳೆ: ಸಾವಿನ ಮನೆಯ ಮುಂದೆ ಬ್ಯಾಂಡು ನುಡಿಯಬಾರದು, ನಿಲ್ಲಲೂಬಾರದು. ಹಾಡು ಬಾಯಿಂದ ಇಳಿದು ಕಾಲಿಗೆ ಹೋಗಬೇಕು. ಮನಸ್ಸಿನಲ್ಲೇ ಧಾಟಿ ಮುಂದುವರಿಸುತ್ತ ಎಲ್ಲರೂ ಒಂದೇ ಹೆಜ್ಜೆಯಲ್ಲಿ ನಡೆದು, ಮುಂದಿನ ತಿರುವಿನಲ್ಲಿ ಹಾಡು ಎಲ್ಲಿಗೆ ತಲುಪಿರುತ್ತಿತ್ತೋ ಅಲ್ಲಿಂದಲೇ ಎತ್ತಿಕೊಳ್ಳಬೇಕು. ಹಾಗೆಯೇ ಮಾಡಿದರು. ಶಶಿಕಾಂತ ಗಾಬರಿಯಾಗಿ ಕೈ ಬೀಸಿದ. ಮಕ್ತುಮಬಿ ಅವನ ಕೈ ಹಿಡಿದು ಕೆಳಗಿಳಿಸಿದಳು. ಬೂಟಿನ ಸಪ್ಪಳ, ಗಾಡಿಯ ಗಾಲಿಯ ಕಿರುಗುಟ್ಟುವಿಕೆ, ಅಷ್ಟೇ. ಬಾವಿಕಟ್ಟೆಯ ತಿರುವು ದಾಟಿದ್ದೇ ತಡ, ಯಾರ ಸನ್ನೆಯೂ ಇಲ್ಲದೆ ಇಡೀ ದಂಡು ಒಂದೇ ಉಸಿರಿಗೆ ಸ್ಫೋಟಿಸಿತು.

ಆ ಖಾಲಿ ಭಾಗ ಕತ್ತರಿಸಿ ಜೋಡಿಸುತ್ತೇನೆ ಎಂದು ಶಶಿಕಾಂತ ಅಂದಾಗ ಗೌಸಸಾಬ ಒಪ್ಪಲಿಲ್ಲ. ಅದನ್ನು ಕತ್ತರಿಸಿದರೆ ತಾವು ರತ್ನವ್ವನ ಮನೆಯ ಮುಂದೆ ಊದಿಕೊಂಡು ಹೋದ ಹಾಗಾಗುತ್ತದೆ ಎಂದ. ಕ್ಯಾಸೆಟ್ ಹಾಗೆಯೇ ಬಂತು. ಕವರಿನ ಮೇಲೆ ಇಡೀ ದಂಡು, ನಡುವೆ ಹುಚ್ಚಪ್ಪನ ಹೊಟ್ಟೆ, ಮೇಲೆ ದಪ್ಪ ಅಕ್ಷರದಲ್ಲಿ ‘ದಾರಿ ಬಿಡ್ರಿ, ಬುಲ್‌ಬುಲ್ ಬಂತು’.

ಬಂದಷ್ಟೇ ವೇಗದಲ್ಲಿ ಮರಳತೊಡಗಿತು. ಒಯ್ದವರೆಲ್ಲ ನಡುವೆ ಟೇಪು ಖಾಲಿ ಇದೆ, ಬದಲಿಸಿ ಕೊಡಿ ಎಂದು ಶಶಿಕಾಂತನ ಅಂಗಡಿಗೆ ಬಂದರು. ಬದಲಿಸಿ ಕೊಟ್ಟದ್ದರಲ್ಲೂ ಖಾಲಿ. ಬುಲ್‌ಬುಲ್‌ನವರಿಗೆ ನಡುವೆ ಚಹಾದ ನೆನಪಾಗಿರಬೇಕೆಂದು ಊರು ನಕ್ಕಿತು. ಹುಚ್ಚಪ್ಪನೇ ಮೆತ್ತಗೆ, ಕತ್ತರಿಸಿದ್ದರೆ ಛಲೋ ಇತ್ತೇನೋ ಎಂದ. ಗೌಸಸಾಬ ಅವನ ಕಡೆ ನೋಡಿದ ನೋಟಕ್ಕೆ ಢೋಲಿನ ಚರ್ಮ ಸಡಿಲಾಯಿತು.

ಕೊನೆಗೆ ಐಶ್ವರ್ಯಾಳೂ ಬಂದಳು, ಗೌಸಸಾಬನ ಮನೆಗೇ. ಜೊತೆಗೆ ಸಾವ್ಕಾರರು, ಡೀಜೆ ಗೊತ್ತು ಮಾಡಿದ ಬಸವಕಿರಣ. ಗೌಸಸಾಬ ಅಂಗಳದಲ್ಲಿ ಅವಳ ಮದುವೆಯ ಗಾದಿಯನ್ನೇ ಹೊಲಿಯುತ್ತಿದ್ದ. ಅವಳು ಕ್ಯಾಸೆಟ್ ಮುಂದಿಟ್ಟಳು.

“ಕಾಕಾ, ಖರೇ ಹೇಳ್ತೇನಿ, ಸಿಟ್ಟಾಗಬ್ಯಾಡ್ರಿ. ನಡುವ ಹಾಡು ನಿಂತಬಿಡತೈತಿ. ಮೆರವಣಿಗ್ಯಾಗ ಹಿಂಗಾದರ ಹೆಂಗ್ರಿ?”

ಬಸವಕಿರಣನ ಮುಖದಲ್ಲಿ ಗೆದ್ದವನ ಕಳೆ ಬಂತು. ಗೌಸಸಾಬ ಸೂಜಿಯನ್ನು ಗಾದಿಗೆ ಚುಚ್ಚಿಟ್ಟು ಎದ್ದ.

“ಇದನ್ನ ಹೆಂಗ ಕೇಳಿದಿ ತಂಗಿ, ಕುಂತೋ ನಡದೋ?”

ಕುಳಿತು ಕೇಳಿದ್ದು ಎಂದಳು. ಕ್ಯಾಸೆಟ್ಟನ್ನು ಇನ್ನು ಹೇಗೆ ಕೇಳುತ್ತಾರೆ?

“ಇದು ಕುಂತು ಕೇಳೂದಲ್ಲ. ಏಳ್ರಿ ಸಾವ್ಕಾರ್ರ, ನೀವೂ ಏಳ್ರಿ.”

ಸಾವ್ಕಾರರು ಆಗಷ್ಟೇ ಕಟ್ಟೆಯ ಮೇಲೆ ಕೂತು ಧೋತರ ಸರಿಪಡಿಸಿಕೊಂಡಿದ್ದರು. ಗೌಸಸಾಬನ ದನಿಯಲ್ಲಿ ಏನಿತ್ತೋ, ಎದ್ದರು. ಮಕ್ತುಮಬಿ ಒಳಗಿನಿಂದ ಟೇಪ್ ರೆಕಾರ್ಡರ್ ತಂದು ಕಿಟಕಿಯಲ್ಲಿಟ್ಟು ಹಚ್ಚಿದಳು. ಗೌಸಸಾಬ ಮುಂದೆ, ಅವನ ಹಿಂದೆ ಐಶ್ವರ್ಯಾ, ಅವಳ ಹಿಂದೆ ಹತ್ತಿಯ ಅಂಡಿಗೆಯಂತೆ ತೂಗುತ್ತ ಸಾವ್ಕಾರರು, ನಾಚಿಕೆಯಿಂದ ಸಾಯುತ್ತ ಬಸವಕಿರಣ. ಗಾದಿಯನ್ನು ನಡುವೆ ಬಿಟ್ಟು ಅಂಗಳ ಸುತ್ತತೊಡಗಿದರು. ಮೊದಲೆರಡು ಸುತ್ತು ಒಬ್ಬರ ಹಿಮ್ಮಡಿ ಒಬ್ಬರು ತುಳಿದರು. ಆಮೇಲೆ ಢೋಲು ಅವರ ಕಾಲುಗಳನ್ನು ಹಿಡಿದುಕೊಂಡಿತು.

ಹಾಡು ನಿಂತಿತು. ಬಸವಕಿರಣನೂ ನಿಂತ, ಹಿಂದಿನಿಂದ ಮಕ್ತುಮಬಿ ನೂಕಿದಳು. ಟೇಪಿನಲ್ಲಿ ಬೂಟಿನ ಸಪ್ಪಳ, ಅಂಗಳದಲ್ಲಿ ಇವರ ಚಪ್ಪಲಿಯ ಸಪ್ಪಳ, ಎರಡೂ ಒಂದರ ಮೇಲೊಂದು ಬೀಳುತ್ತಿದ್ದವು. ಇದು ರತ್ನವ್ವನ ಮನೆಯ ಮುಂದೆ ಎಂದಷ್ಟೇ ಗೌಸಸಾಬ ತಿರುಗದೆ ಹೇಳಿದ. ಸಾವ್ಕಾರರು ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅವರ ಹೆಂಡತಿಗೂ ಬಳೆ ಇಡಿಸಿದ್ದು ಅದೇ ರತ್ನವ್ವ. ಐಶ್ವರ್ಯಾಳ ತುಟಿಗಳು ಅಲುಗುತ್ತಿದ್ದವು. ನಿಂತುಹೋದ ಧಾಟಿಯನ್ನು ತನಗೇ ತಿಳಿಯದಂತೆ ಒಳಗೆ ಮುಂದುವರಿಸಿಕೊಂಡು ಹೋಗುತ್ತಿದ್ದಳು. ಅವಳ ಎಡಗಾಲು ನೆಲ ಮುಟ್ಟುವುದಕ್ಕೂ ಕಿಟಕಿಯಿಂದ ಇಡೀ ಬುಲ್‌ಬುಲ್ ಸ್ಫೋಟಿಸುವುದಕ್ಕೂ ಸರಿಹೋಯಿತು. ಅವಳು ಗಾದಿಗೆ ಎಡವುತ್ತ ನಕ್ಕುಬಿಟ್ಟಳು.

ಹೂಂ ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ. ಮತ್ತೆ ಹಚ್ಚಿ ಅಂದಳು. ಆಮೇಲೆ ಅಪ್ಪನ ಕಡೆ ತಿರುಗಿ, ಹೂವಿನ ಕಾರು ಬೇಡ, ತಾನು ನಡೆದೇ ಹೋಗುತ್ತೇನೆ ಎಂದಳು. ಸಾವ್ಕಾರರು ಏದುಸಿರಿನಲ್ಲಿ ತಲೆಯಾಡಿಸಿದರು.

ಮರುದಿನವೇ ಗೌಸಸಾಬ ಶಶಿಕಾಂತನ ಅಂಗಡಿಯಲ್ಲಿ ಉಳಿದ ಕ್ಯಾಸೆಟ್ಟುಗಳ ಮೇಲೆಲ್ಲ ‘ನಡದು ಕೇಳ್ರಿ’ ಎಂದು ಚೀಟಿ ಅಂಟಿಸಿದ. ಇದರಿಂದ ಮಾರಾಟ ಹೆಚ್ಚಾಗಲಿಲ್ಲ. ಹೆಚ್ಚಾಗಲೆಂದು ಅವನು ಅಂಟಿಸಿಯೂ ಇರಲಿಲ್ಲ.

ಮದುವೆಯ ದಿನ ಡೀಜೆ ಟೆಂಪೋ ಕಲ್ಯಾಣಮಂಟಪದ ಬಾಗಿಲಲ್ಲಿ ನಿಂತಿತ್ತು. ಊಟದ ಹೊತ್ತಿಗೆ ಬಾರಿಸಲೆಂದು ಬಸವಕಿರಣ ಗೋಗರೆದು ಒಪ್ಪಿಸಿದ್ದ. ಕರಿ ಕನ್ನಡಕದವನು ಚಹಾ ಕುಡಿಯುತ್ತ ನೋಡುತ್ತಿದ್ದಂತೆ ತಿರುವಿನಲ್ಲಿ ಕೆಂಪು ಗರಿಗಳು ಕಾಣಿಸಿದವು. ಆಟೋ ಓಡಿಸುವವನು ಆಟೋ ಬಿಟ್ಟು, ಕಾಯಿಪಲ್ಲೆಯವನು ಗಾಡಿ ಬಿಟ್ಟು ದಂಡಿಗೆ ಮರಳಿದ್ದರು. ಎಲ್ಲರ ಮುಂದೆ ಗೌಸಸಾಬ, ಆಕಾಶಕ್ಕೇ ದಾರಿ ಬಿಡು ಎನ್ನುವ ಹಾಗೆ ಟ್ರಂಪೆಟ್ ಎತ್ತಿದ್ದ. ಹಿಂದೆ ಶಾಲೂ ಸೀರೆಯ ನಿರಿಗೆ ಎತ್ತಿ ಹಿಡಿದು ತಾಳಕ್ಕೆ ಹೆಜ್ಜೆ ಹಾಕುತ್ತ ಐಶ್ವರ್ಯಾ. ಮದುಮಗಳು ನಡೆಯುವಾಗ ತಾನು ಮೇಲೆ ಕೂತಿರುವುದು ಛಂದ ಕಾಣುವುದಿಲ್ಲವೆಂದು ಮದುಮಗನೂ ಅರ್ಧ ದಾರಿಯಲ್ಲಿ ಇಳಿದು ಅವಳ ಜೊತೆಗೂಡಿದ್ದ.

ಅವರ ಹಿಂದೆ ಝೂಲು ಹೊದ್ದ ಕುದುರೆ, ಬೆನ್ನ ಮೇಲೆ ಯಾರೂ ಇಲ್ಲದೆ, ತಾಳಕ್ಕೆ ಸರಿಯಾಗಿ ಕಾಲು ಹಾಕುತ್ತ ಬರುತ್ತಿತ್ತು. ಹೆಂಗಸರ ಗುಂಪಿನಲ್ಲಿದ್ದ ಮಕ್ತುಮಬಿ ಅದನ್ನು ಮೊದಲು ಕಂಡಳು. ಪಕ್ಕದವಳನ್ನು ಮೊಣಕೈಯಿಂದ ತಿವಿದಳು.

“ನೋಡವಾ, ನಮ್ಮನಿಯವರು ಊದಿದರ ಕುದುರಿ ಖಾಲೀನ ಹೋಗತೈತಿ.”