ಆರಿಸಿ ಎಂದು ಬರೆದ ಹಾಳೆಗಳು

ನಮ್ಮ ಮನೆಯಲ್ಲಿ ಕಂಪ್ಯೂಟರ್ ನಾಲ್ಕು, ಪ್ರಿಂಟರ್ ಒಂದು. ಅದು ಅಪ್ಪನದು. ಕೇಂದ್ರ ಸರ್ಕಾರದ ಕಚೇರಿಯಲ್ಲಿ ಗುಮಾಸ್ತರಾಗಿ ಸೇರಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತರಾದ ಮೇಲೆ ಅವರು ತಮಗೆಂದು ಕೊಂಡದ್ದು ಎರಡೇ, ಒಂದು ಕಪ್ಪು ಡೆಸ್ಕ್‌ಟಾಪ್ ಮತ್ತು ಈ ಪ್ರಿಂಟರ್. ವೈಫೈ ಗೊತ್ತಿಲ್ಲದ ಹಳೆಯ ಪ್ರಿಂಟರ್ ಅದು, ಡೆಸ್ಕ್‌ಟಾಪಿಗೆ ತಂತಿಯಲ್ಲಿ ಕಟ್ಟಿಕೊಂಡೇ ಬದುಕುತ್ತದೆ. ನನ್ನ ಗಂಡ ಅದನ್ನು ಮನೆಯ ನೆಟ್‌ವರ್ಕಿನಲ್ಲಿ ಎಲ್ಲರಿಗೂ ಹಂಚಿಟ್ಟಿದ್ದರು. ಅವರ ಆಫೀಸಿನ ಲ್ಯಾಪ್‌ಟಾಪ್, ಹನ್ನೊಂದನೇ ಕ್ಲಾಸಿನ ಮಗಳದು, ನನ್ನದು, ಯಾವುದರಿಂದ ಬೇಕಾದರೂ ಅದಕ್ಕೆ ಹಾಳೆ ಕಳಿಸಬಹುದು. ಷರತ್ತು ಒಂದೇ. ಹಾಲ್‌ನ ಮೂಲೆಯಲ್ಲಿರುವ ಅಪ್ಪನ ಡೆಸ್ಕ್‌ಟಾಪ್ ಆನ್ ಆಗಿರಬೇಕು. ಅದು ಕಣ್ಣು ಮುಚ್ಚಿದರೆ ಮೂರೂ ಲ್ಯಾಪ್‌ಟಾಪಿನಲ್ಲಿ ಪ್ರಿಂಟರ್ ಆಫ್‌ಲೈನ್ ಅಂತ ಬರುತ್ತದೆ, ಮೂರೂ ಕೋಣೆಯಿಂದ ಕೂಗು ಏಳುತ್ತದೆ.

ಫೆಬ್ರವರಿಯಲ್ಲಿ ಅಪ್ಪನಿಗೆ ಸ್ಟ್ರೋಕ್ ಆಯಿತು. ಕೈಕಾಲು ಬಹುಮಟ್ಟಿಗೆ ಸರಿಹೋದವು, ಮಾತು ಹೋಯಿತು. ಆಡುವ ಮಾತಷ್ಟೇ ಹೋಗಿದ್ದರೆ ತಡೆದುಕೊಳ್ಳುತ್ತಿದ್ದೆ, ಕೇಳುವ ಮಾತೂ ಹೋಯಿತು. ಕಿವಿ ಸರಿಯಿದೆ, ಕುಕ್ಕರ್ ಕೂಗಿದರೆ ತಿರುಗುತ್ತಾರೆ. ಆದರೆ ಊಟಕ್ಕೆ ಬನ್ನಿ ಅಂದರೆ ನನ್ನ ಬಾಯನ್ನೇ ನೋಡುತ್ತಾ ನಿಲ್ಲುತ್ತಾರೆ. ಆಫೀಸಿನಲ್ಲಿ ಮೂರು ದಶಕ ಆಡಿದ ಹಿಂದಿ, ಕಡತಗಳಲ್ಲಿ ಬರೆದ ಇಂಗ್ಲಿಷ್, ಮನೆಯ ಕನ್ನಡ, ಯಾವುದರಲ್ಲಿ ಹೇಳಿದರೂ ಅಷ್ಟೇ. ಅಪ್ಪ ಒಳಗೆ ಇದ್ದಾರೋ ಇಲ್ಲವೋ ಎಂಬುದೇ ನನಗೆ ತಿಳಿಯುತ್ತಿರಲಿಲ್ಲ. ಆ ಅನುಮಾನ ಬೆಳಿಗ್ಗೆ ಹಲ್ಲುಜ್ಜುವಾಗಲೇ ಎದೆಗೆ ಬಂದು ಕೂರುತ್ತಿತ್ತು.

ಇಲ್ಲೇ ದೆಹಲಿಯ ಪೀತಮ್‌ಪುರದ ಕ್ಲಿನಿಕ್ಕಿನಲ್ಲಿ ವಾರಕ್ಕೆರಡು ಸಲ ಮಾತಿನ ಚಿಕಿತ್ಸೆ ಕೊಡುತ್ತಿದ್ದ ಮೇಡಂ ಪಂಜಾಬಿ ಹೆಂಗಸು, ಒಳ್ಳೆಯವರು. ಹಿಂದಿ, ಇಂಗ್ಲಿಷ್ ಕಾರ್ಡುಗಳನ್ನೆಲ್ಲ ಅಪ್ಪನ ಮುಂದೆ ಹಿಡಿದು ಸೋತ ಮೇಲೆ ಅವರು ನನಗೆ ಒಂದು ಕೆಲಸ ಹೇಳಿದರು. ನಿಮ್ಮ ಭಾಷೆಯಲ್ಲೇ ಹಾಳೆ ಮಾಡಿ. ಒಂದೊಂದರಲ್ಲಿ ನಾಲ್ಕು ಚಿತ್ರ, ತಲೆಯ ಮೇಲೆ ದಪ್ಪ ಅಕ್ಷರದಲ್ಲಿ ಒಂದೇ ಒಂದು ಪದ, ಏನು ಮಾಡಬೇಕು ಅಂತ. ನೀವು ವಸ್ತುವಿನ ಹೆಸರು ಹೇಳಿ, ಅವರು ಆ ಚಿತ್ರ ಮುಟ್ಟಲಿ. ಮೇ ಕೊನೆಯವರೆಗೆ ನೋಡೋಣ ಅಂದರು. ಆಗಲೂ ಏನೂ ಕಾಣದಿದ್ದರೆ ಅರ್ಥಗ್ರಹಣ ಇಲ್ಲ ಅಂತ ಫೈಲಿನಲ್ಲಿ ಬರೆದು ಜಾಗ ಬೇರೆಯವರಿಗೆ ಕೊಡಬೇಕಾಗುತ್ತದೆ, ಕಾಯುತ್ತಿರುವವರು ಬಹಳ ಇದ್ದಾರೆ ಅಂದರು. ತಪ್ಪೇನಿಲ್ಲ. ಆದರೆ ಅಪ್ಪನ ಬಗ್ಗೆ ಆ ಎರಡು ಪದ ಬರೆಸಿಕೊಂಡು ಮನೆಗೆ ಬರುವುದನ್ನು ನಾನು ಊಹಿಸಿಕೊಳ್ಳಲಾರದೆ ಹೋದೆ.

ನಾನು ಹುಟ್ಟಿ ಬೆಳೆದದ್ದು ದೆಹಲಿಯಲ್ಲೇ. ಕನ್ನಡ ಅಕ್ಷರ ಕಲಿಸಿದವರು ಅಪ್ಪ, ಅದೂ ಬಸ್ಸಿನಲ್ಲಿ. ಭಾನುವಾರ ಯಾರ ಮನೆಗಾದರೂ ಹೊರಟರೆ ನನ್ನ ಅಂಗೈ ಮೇಲೆ ಬೆರಳಿನಿಂದ ಅಕ್ಷರ ಬರೆಯುವರು, ನಾನು ಕಣ್ಣು ಮುಚ್ಚಿಕೊಂಡು ಯಾವುದೆಂದು ಹೇಳಬೇಕು. ಓದಲು, ಬರೆಯಲು ಬರುತ್ತದೆ, ಆದರೆ ಪುಸ್ತಕದ ಪದಗಳು ನಾಲಿಗೆಗೆ ತಟ್ಟನೆ ಬರುವುದಿಲ್ಲ. ಹಾಳೆಯ ತಲೆಗೆ ಹಾಕಲು ಮೇಡಂ ಹೇಳಿದ ಹಿಂದಿಯ ‘ಚುನಿಯೇ’ಗೆ ಕನ್ನಡದಲ್ಲಿ ಏನು? ನಮ್ಮ ಮನೆಯಲ್ಲಿ ಯಾವುದು ಬೇಕೋ ತಗೋ ಅನ್ನುತ್ತೇವೆ. ಫೋನಿನಲ್ಲಿ ಹುಡುಕಿದೆ. ‘ಆರಿಸಿ’ ಅಂತ ಬಂತು. ಗೌರವವಾಗಿದೆ, ಪರೀಕ್ಷೆ ಪತ್ರಿಕೆಯ ಗತ್ತೂ ಇದೆ. ಅದನ್ನೇ ಎಲ್ಲ ಹಾಳೆಗಳ ನೆತ್ತಿಗೂ ಹಾಕಿದೆ. ಮೊದಲು ಮಾರ್ಕೆಟ್ಟಿನ ಫೋಟೊಕಾಪಿ ಭಯ್ಯಾ ಹತ್ತಿರ ಹೋಗಿದ್ದೆ. ಅವನ ಕಂಪ್ಯೂಟರಿನಲ್ಲಿ ಕನ್ನಡವೆಲ್ಲ ಡಬ್ಬಿ ಡಬ್ಬಿಯಾಗಿ ಬಂದು, ಇದು ಯಾವ ದೇಶದ್ದು ಮೇಡಂ ಅಂತ ಕೇಳಿದ. ಕೊನೆಗೆ ಅಪ್ಪನ ಪ್ರಿಂಟರೇ ಗತಿ ಆಯಿತು.

ನಾನು ಮಲಗುವ ಕೋಣೆಯಿಂದ ಪ್ರಿಂಟ್ ಒತ್ತುವುದು, ಹಾಲ್‌ನಲ್ಲಿ ಹಾಳೆ ಬರುವುದು. ಅಪ್ಪ ಪ್ರಿಂಟರ್ ಪಕ್ಕದ ಬೆತ್ತದ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ, ಅದು ಅವರ ಹಳೆಯ ಜಾಗ. ಮೊದಲ ಹಾಳೆ ಬರುತ್ತಿತ್ತು, ಎರಡನೆಯದಕ್ಕೆ ಆಫ್‌ಲೈನ್. ಹೋಗಿ ನೋಡಿದರೆ ಡೆಸ್ಕ್‌ಟಾಪ್ ಸತ್ತು ಬಿದ್ದಿರುತ್ತಿತ್ತು. ಮತ್ತೆ ಹಚ್ಚುವುದು, ಮತ್ತೆ ಅದೇ ಕಥೆ. ಗಂಡ ಎರಡು ಭಾನುವಾರ ಅದರ ಮುಂದೆ ಕೂತರು. ಡ್ರೈವರ್ ತೆಗೆದು ಹಾಕಿದರು, ರೂಟರ್ ಬದಲಾಯಿಸಿದರು, ಹಂಚಿಕೆಯನ್ನೇ ಅಳಿಸಿ ಹೊಸದಾಗಿ ಮಾಡಿದರು. ಮಗಳು ಒಂದು ಮಾತು ಹೇಳಿದಳು. ‘ಮಮ್ಮಾ, ಮೈನೇ ನೋಟ್ ಕಿಯಾ, ನೀನು ಪ್ರಿಂಟ್ ಕೊಟ್ಟಾಗ ಮಾತ್ರ ಬಂದ್ ಆಗತ್ತೆ. ನಿನ್ನ ಲ್ಯಾಪ್‌ಟಾಪಲ್ಲಿ ವೈರಸ್ ಇದೆ.’ ಕೆಮಿಸ್ಟ್ರಿ ಬಿಟ್ಟು ಬೇರೆಲ್ಲ ಗೊತ್ತು ಇವಳಿಗೆ ಅಂತ ಗದರಿ ಕಳಿಸಿದೆ. ಅವಳು ಹೇಳಿದ್ದರಲ್ಲಿ ಅರ್ಧ ನಿಜ ಇತ್ತು.

ಬಂದಷ್ಟು ಹಾಳೆ ಹಿಡಿದು ಅಪ್ಪನ ಎದುರು ಕೂರುತ್ತಿದ್ದೆ. ಬಲ್ಬು, ಫ್ಯಾನು, ಟಿವಿ, ಲೋಟ. ಅಪ್ಪ, ಲೋಟ ಯಾವುದು? ಅವರು ಹಾಳೆ ನೋಡುವರು, ನನ್ನ ಮುಖ ನೋಡುವರು, ಎದ್ದು ಹೋಗಿಬಿಡುವರು. ಒಮ್ಮೆಯೂ ಚಿತ್ರ ಮುಟ್ಟಲಿಲ್ಲ. ತಲೆಯ ಮೇಲಿನ ಫ್ಯಾನು ನಿಂತುಹೋಗುತ್ತಿತ್ತು, ಮೇ ತಿಂಗಳ ಸೆಕೆಯಲ್ಲಿ ನಾನು ಬೆವರುತ್ತಾ ಹಾಳೆ ಹಿಡಿದುಕೊಂಡು ಕೂತಿರುತ್ತಿದ್ದೆ.

ಮೂರನೇ ವಾರ ಮಗಳೇ ಕಂಡುಹಿಡಿದಳು. ಹಾಳೆ ಹೊರಗೆ ಬಂದೊಡನೆ ತಾತ ಅದನ್ನು ಎತ್ತಿಕೊಂಡು ನೋಡಿ, ಗೋಡೆಯ ಕೆಂಪು ಸ್ವಿಚ್ ಒತ್ತಿ ಡೆಸ್ಕ್‌ಟಾಪ್ ಬಂದ್ ಮಾಡುತ್ತಿದ್ದರು. ನಮಗೆ ಆಶ್ಚರ್ಯವೇನೂ ಆಗಲಿಲ್ಲ. ಸ್ಟ್ರೋಕಿಗೆ ಮುಂಚೆಯೂ ಅವರು ಹಾಗೇ, ಯಾರೂ ಇಲ್ಲದ ಕೋಣೆಯಲ್ಲಿ ದೀಪ ಉರಿಯುವುದನ್ನು ಸಹಿಸುವವರಲ್ಲ. ಬುದ್ಧಿ ಹೋದರೂ ಚಾಳಿ ಉಳಿದಿದೆ ಅಂತ ನಾನೇ ಹೇಳಿದೆ. ಹಾಗೆ ಹೇಳಿದ್ದು ಈಗಲೂ ಕಿವಿಯಲ್ಲಿದೆ. ಮಗಳು ಸ್ವಿಚ್ಚಿನ ಮೇಲೆ ಹಿಂದಿಯಲ್ಲಿ ಬಂದ್ ಮಾಡಬೇಡಿ ಅಂತ ಬರೆದು ಅಂಟಿಸಿದಳು, ಗಂಡ ಅದರ ಕೆಳಗೆ ಇಂಗ್ಲಿಷಿನಲ್ಲಿ ಬರೆದರು. ಪ್ರಯೋಜನವಾಗಲಿಲ್ಲ. ಸ್ವಿಚ್ಚಿಗೆ ಟೇಪ್ ಸುತ್ತಿದೆವು. ಅಪ್ಪ ಉಗುರಿನಿಂದ ಟೇಪಿನ ತುದಿ ಹುಡುಕಿ, ಆತುರವಿಲ್ಲದೆ ಬಿಡಿಸಿ, ಮಡಿಸಿಟ್ಟು, ಸ್ವಿಚ್ ಒತ್ತುವರು. ನಾನು ಕೂಗಾಡುವೆ. ಒತ್ತಿದ ಮೇಲೆ ಅವರು ನನ್ನ ಕಡೆ ತಿರುಗುವ ರೀತಿಯೊಂದಿತ್ತು, ಹೇಳಿದ ಕೆಲಸ ಮುಗಿಸಿದವರು ಮೇಲಧಿಕಾರಿಯನ್ನು ನೋಡುವ ಹಾಗೆ. ಕೂಗು ಕೇಳಿ ಆ ಮುಖ ಇಳಿದುಹೋಗುತ್ತಿತ್ತು.

ಕೊನೆಯ ಶನಿವಾರಕ್ಕೆ ಎರಡು ದಿನವಿತ್ತು. ಅಂದು ನಲವತ್ತು ಹೊಸ ಹಾಳೆ ತನ್ನಿ, ಪೂರ್ತಿ ಪರೀಕ್ಷೆ ಮಾಡಿ ತೀರ್ಮಾನಿಸೋಣ ಅಂದಿದ್ದರು ಮೇಡಂ. ಗುರುವಾರ ರಜೆ ಹಾಕಿ ಕೂತೆ. ಮೊದಲ ಹಾಳೆ ಬಂತು, ಸ್ವಿಚ್ ಹೋಯಿತು. ಓಡಿ ಹೋಗಿ ಹಚ್ಚಿದೆ, ಇನ್ನೊಂದು ಬಂತು, ಮತ್ತೆ ಹೋಯಿತು. ಹೀಗೆ ಐದು ಸಲ. ಆರನೇ ಸಲ ಡೆಸ್ಕ್‌ಟಾಪ್ ಏಳಲೇ ಇಲ್ಲ, ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರಗಳನ್ನು ಒಂದೊಂದಾಗಿ ಉದುರಿಸುತ್ತಾ ಡಿಸ್ಕ್ ಪರೀಕ್ಷಿಸುತ್ತೇನೆ ಅಂತ ಕೂತಿತು. ನನ್ನ ತಾಳ್ಮೆ ಹರಿದುಹೋಯಿತು. ಅಪ್ಪನ ಕೈಯಿಂದ ಹಾಳೆ ಕಿತ್ತುಕೊಂಡೆ.

‘ನಿಮಗೆ ಏನೂ ಅರ್ಥ ಆಗಲ್ಲ, ಅಲ್ವಾ? ಏನೂ ಇಲ್ಲ ಒಳಗೆ.’

ಅವರು ನನ್ನ ಬಾಯನ್ನು ನೋಡಿದರು. ಅರ್ಥವಾಗದೆ ಹೋದದ್ದು ಒಳ್ಳೆಯದಾಯಿತು ಅಂತ ಆ ಕ್ಷಣವೇ ಅನ್ನಿಸಿ ಅಳು ಬಂತು. ಅಳುತ್ತಲೇ ಮಗಳ ಸ್ಕೆಚ್ ಪೆನ್ ತಗೊಂಡೆ. ಕಿತ್ತುಕೊಂಡ ಹಾಳೆಯ ಬೆನ್ನಿಗೆ, ಹಿಂದಿ, ಇಂಗ್ಲಿಷ್ ಆಯಿತಲ್ಲ, ಕನ್ನಡದ್ದೂ ಒಂದಿರಲಿ ಅಂತ ‘ಬಂದ್ ಮಾಡಬೇಡಿ’ ಎಂದು ಬರೆದೆ. ಬರೆದು ನೋಡಿದರೆ ಅಪ್ಪನಿಗೆ ಹಿಡಿಸದ ಕನ್ನಡ ಅದು. ನಾವು ದೆಹಲಿಯವರು ಎಲ್ಲವನ್ನೂ ಬಂದ್ ಮಾಡುತ್ತೇವೆ, ಬಾಗಿಲು, ನಲ್ಲಿ, ಟಿವಿ, ಬಾಯಿ. ಚಿಕ್ಕಂದಿನಲ್ಲಿ ಲೈಟ್ ಬಂದ್ ಮಾಡಿದೆ ಅಂದರೆ ಅಪ್ಪ, ಯಾವ ಪಕ್ಷದವರು ಬಂದ್ ಕರೆದಿದ್ದಾರೆ ಅಂತ ಕೇಳಿ ನಗುತ್ತಿದ್ದರು. ಅವರ ಪ್ರಕಾರ ತಮ್ಮೂರು ಮೈಸೂರಿನ ಕನ್ನಡದಲ್ಲಿ ದೀಪವನ್ನು ಆರಿಸಬೇಕು, ಫ್ಯಾನನ್ನೂ ಆರಿಸಬೇಕು. ಅವರಿಗೆ ಬರೆಯುವುದು ಸರಿಯಾಗಿ ಇರಲಿ ಎಂದು ಹೊಡೆದು ಹಾಕಿ ಕೆಳಗೆ ಬರೆದೆ. ‘ಆರಿಸಬೇಡಿ.’

ಬರೆದ ಕೈ ಹಾಗೇ ನಿಂತಿತು. ಹಾಳೆ ತಿರುಗಿಸಿದೆ. ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ, ನಾನೇ ಹಾಕಿದ್ದು. ‘ಆರಿಸಿ.’ ಅದರ ಕೆಳಗೆ ಬಲ್ಬು, ಫ್ಯಾನು, ಟಿವಿ.

ಐದು ವಾರದಿಂದ ನಾನು ಅಪ್ಪನಿಗೆ ದಿನವೂ ಲಿಖಿತ ಆದೇಶ ಕಳಿಸುತ್ತಿದ್ದೆ. ಅವರು ಓದುತ್ತಿದ್ದರು. ಜೀವಮಾನವಿಡೀ ಕಾಗದದಲ್ಲಿ ಬಂದ ಆದೇಶ ಪಾಲಿಸಿದ ಮನುಷ್ಯ, ಬಂದ ಪ್ರತಿಯೊಂದನ್ನೂ ತಪ್ಪದೆ ಪಾಲಿಸಿ, ಡೆಸ್ಕ್‌ಟಾಪನ್ನೂ ಫ್ಯಾನನ್ನೂ ಆರಿಸಿ, ಪ್ರತಿ ಸಲವೂ ನನ್ನಿಂದ ಬೈಸಿಕೊಂಡಿದ್ದರು. ನಮ್ಮ ಮನೆಯಲ್ಲಿ ಅವರಿಗೆ ತಿಳಿಯುತ್ತಿದ್ದ ಮಾತು ಬರುತ್ತಿದ್ದದ್ದು ಆ ಪ್ರಿಂಟರಿನಿಂದ ಮಾತ್ರ, ಅದಕ್ಕೇ ಅದರ ಪಕ್ಕ ಬಿಟ್ಟು ಏಳುತ್ತಿರಲಿಲ್ಲ. ನನಗೆ ಸಂತೋಷವಾಯಿತು, ಮತ್ತು ನಾಚಿಕೆಯಿಂದ ಸಾಯುವ ಹಾಗಾಯಿತು. ಎರಡರಲ್ಲಿ ಯಾವುದು ಮೊದಲು ಬಂತೋ ಹೇಳಲಾರೆ.

ಆರಿಸಬೇಡಿ ಎಂಬುದನ್ನು ಸ್ವಿಚ್ಚಿಗೆ ಅಂಟಿಸಿದೆ. ಅಪ್ಪ ಹತ್ತಿರ ಬಂದು ಓದಿದರು. ಚಾಚಿದ ಕೈ ಹಿಂದಕ್ಕೆ ಹೋಯಿತು.

ಡಿಸ್ಕ್ ಪರೀಕ್ಷೆ ಮುಗಿದು ಡೆಸ್ಕ್‌ಟಾಪ್ ಎದ್ದಾಗ ಸಂಜೆಯಾಗಿತ್ತು, ಗಂಡ ಮತ್ತು ಮಗಳು ಮನೆಗೆ ಬಂದಿದ್ದರು. ಹೇಳಿದೆ. ನಂಬಲಿಲ್ಲ. ಮೂವರೂ ಅವರವರ ಲ್ಯಾಪ್‌ಟಾಪ್ ಮುಂದೆ ಕೂತೆವು. ನಾನು ‘ಏಳಿ’ ಎಂದು ಕಳಿಸಿದೆ. ಹಾಲ್‌ನಲ್ಲಿ ಪ್ರಿಂಟರ್ ಗೊರಗೊರ ಅಂದು ಹಾಳೆ ಹೊರಹಾಕಿತು, ಅಪ್ಪ ಓದಿ ಎದ್ದು ನಿಂತರು. ಗಂಡ ‘ಕುಳಿತುಕೊಳ್ಳಿ’ ಕಳಿಸಿದರು, ಕೂತರು. ಕನ್ನಡ ಬರೆಯಲು ಬಾರದ ಮಗಳು ಇಂಗ್ಲಿಷ್ ಅಕ್ಷರ ಒತ್ತಿ ಒತ್ತಿ, ಕನ್ನಡ ಲಿಪಿಯಲ್ಲಿ ‘ನೀರು ಕುಡಿಯಿರಿ’ ಬರಿಸಿಕೊಂಡು ಕಳಿಸಿದಳು. ತಾತ ಲೋಟ ಎತ್ತಿ ಪೂರ್ತಿ ಕುಡಿದದ್ದು ನೋಡಿ ಅವಳು ಬಾಗಿಲಿಗೆ ಮುಖ ಒತ್ತಿಕೊಂಡು ಅತ್ತಳು. ಎರಡು ಪದಕ್ಕಿಂತ ಹೆಚ್ಚು ಕಳಿಸಿದರೆ ಅಪ್ಪ ಕಳೆದುಹೋಗುತ್ತಿದ್ದರು. ‘ನನ್ನನ್ನು ಕ್ಷಮಿಸಿ, ಗೊತ್ತಾಗದೆ ಬೈದೆ’ ಎಂದು ಕಳಿಸಿದ್ದನ್ನು ಅವರು ತಿರುವಿ ತಿರುವಿ ನೋಡಿ ಮಡಿಸಿ ಜೇಬಿನಲ್ಲಿಟ್ಟುಕೊಂಡರು.

ಶನಿವಾರ ನಲವತ್ತು ಹಾಳೆ ಒಯ್ಯಲಿಲ್ಲ. ಮೂರೇ ಒಯ್ದೆ. ಮೇಡಂ ಎದುರಿಗೆ ಏಳಿ, ಕುಳಿತುಕೊಳ್ಳಿ ಆಯಿತು. ಕೊನೆಯದು ‘ಕಣ್ಣು ಮುಚ್ಚಿ’, ಅವರೇ ಹಿಂದಿಯಲ್ಲಿ ಹತ್ತಾರು ಸಲ ತೋರಿಸಿ ಸೋತಿದ್ದ ಪರೀಕ್ಷೆ. ಅಪ್ಪ ಓದಿದರು, ಕಣ್ಣು ಮುಚ್ಚಿದರು. ಮೇಡಂ ಕನ್ನಡಕ ತೆಗೆದು ಮತ್ತೆ ಹಾಕಿಕೊಂಡು ಫೈಲ್ ಬಿಡಿಸಿದರು. ಜಾಗ ಬಿಡಬೇಕಾಗಿಲ್ಲ, ಸೋಮವಾರದಿಂದ ಹೊಸದಾಗಿ ಶುರು ಮಾಡೋಣ ಅಂದರು. ನಾನು ಏನೇನೋ ಮಾತಾಡುತ್ತಿದ್ದೆ, ಆರಿಸಿಯ ಕಥೆ, ಪ್ರಿಂಟರ್ ಕಥೆ, ಎಲ್ಲ ಹಿಂದಿಯಲ್ಲಿ. ಎಷ್ಟೋ ಹೊತ್ತಿನ ಮೇಲೆ ತಿರುಗಿ ನೋಡಿದರೆ ಅಪ್ಪ ಇನ್ನೂ ಕಣ್ಣು ಮುಚ್ಚಿಕೊಂಡೇ ಕೂತಿದ್ದರು.

ಸಾಕು ಅಪ್ಪ, ಬಿಡಿ ಅಂದೆ. ಮುಟ್ಟಲಿಲ್ಲ ಆ ಮಾತು. ಕಣ್ಣು ಬಿಡಿ ಎಂಬ ಹಾಳೆ ನಾನು ತಂದಿರಲಿಲ್ಲ, ತಂದಿದ್ದರೂ ಮುಚ್ಚಿದ ಕಣ್ಣಿಗೆ ತೋರಿಸುವುದು ಹೇಗೆ? ಅವರ ಬಲಗೈ ಬಿಡಿಸಿ ಅಂಗೈ ಮೇಲೆ ಬೆರಳಿನಿಂದ ಬರೆದೆ. ಬಿ. ಡಿ. ಎರಡನೇ ಅಕ್ಷರ ಮುಗಿಯುವ ಮೊದಲೇ ಕಣ್ಣು ತೆರೆದರು. ಓದಿಯೋ, ಕಚಗುಳಿಯಾಗಿಯೋ ಗೊತ್ತಿಲ್ಲ. ಆಮೇಲೆ ನನ್ನ ಕೈಯನ್ನು ತಿರುಗಿಸಿ ಹಿಡಿದು, ನನ್ನ ಅಂಗೈ ಮೇಲೆ ತಾವು ಏನೋ ಬರೆದರು. ಬೇಗ ಬರೆದರು, ನನಗೆ ತಿಳಿಯಲಿಲ್ಲ. ಇನ್ನೊಮ್ಮೆ, ಇನ್ನೊಮ್ಮೆ ಅಂದೆ. ನನ್ನ ಬಾಯನ್ನು ನೋಡಿದರು. ಮೇಡಂ ಕೈಯಿಂದ ಪೆನ್ ಕಿತ್ತುಕೊಂಡು ಹಾಳೆಯ ಹಿಂದೆ ‘ಇನ್ನೊಮ್ಮೆ ಬರೆಯಿರಿ’ ಎಂದು ಗೀಚಿ ಎದುರು ಹಿಡಿದೆ. ಅವರು ನಿಧಾನವಾಗಿ ಓದಿದರು. ಬೆರಳು ನನ್ನ ಅಂಗೈ ಮೇಲೆ ಬಂದು ನಿಂತಿತು, ಹುಡುಕಿತು, ಬರೆಯಲಿಲ್ಲ. ತಾವು ಬರೆದದ್ದೇನೆಂಬುದು ಅವರಿಗೆ ಆಗಲೇ ಮರೆತುಹೋಗಿತ್ತು. ನಾನು ಕೈ ಚಾಚಿಕೊಂಡೇ ಕೂತಿದ್ದೆ.